ಗಾಯ ಕೂಡುವುದು, ಹುಣ್ಣು ಕೂಡದಿರುವುದು



ಭತ್ತದ ಸುಗ್ಗಿಯಲ್ಲಿ ಖಾನಾಪುರ ಕಡೆಯ ಹಿರಿಯರೊಬ್ಬರು ಕುಡುಗೋಲು ತಾಗಿದ ಬೆರಳು ತೋರಿಸಲು ಬೆಳಗಾವಿಗೆ ಬಂದಿದ್ದರು. ಹದಿನೈದು ದಿನಗಳಲ್ಲಿ ಬೆರಳು ಕೂಡಿತು. ಕೊನೆಯ ಡ್ರೆಸ್ಸಿಂಗ್ ದಿನ ಅವರ ಸೊಸೆ ಮೆಲ್ಲಗೆ ಹೇಳಿದಳು: "ಸಿಸ್ಟರ್, ಮಾವಾರ ಬಾಯಾಗೂ ಒಂದು ಹುಣ್ಣ ಐತ್ರಿ. ಎರಡ ತಿಂಗಳಾತು, ಯಾರಿಗೂ ತೋರಸವಲ್ರು." ತಂಬಾಕು-ಸುಣ್ಣ ತಿಕ್ಕಿ ಇಡುವ ಜಾಗದಲ್ಲೇ ಆ ಹುಣ್ಣು ಇತ್ತು.

ಒಂದೇ ದೇಹ. ಬೆರಳು ಕೂಡಿತು, ಬಾಯಿ ಏಕೆ ಕೂಡಲಿಲ್ಲ?

ಚರ್ಮ, ಬಾಯಿಯ ಒಳಪದರ, ಕರುಳಿನ ಒಳಪದರ ಇವುಗಳಿಗೆ ಅನುಲೇಪಕ ಅಂಗಾಂಶ ಎನ್ನುತ್ತಾರೆ. ಇಲ್ಲಿಯ ಜೀವಕೋಶಗಳು ಜಾತ್ರೆಯಲ್ಲಿ ಮಕ್ಕಳು ಕೈಹಿಡಿದುಕೊಂಡು ನಿಂತಂತೆ ಒಂದನ್ನೊಂದು ಹಿಡಿದಿರುತ್ತವೆ. ಹಿಡಿಯುವ ಮುಖ್ಯ 'ಕೈ'ಯ ಹೆಸರು ಇ-ಕ್ಯಾಡ್‌ಹೆರಿನ್. ಇದೊಂದು ಪ್ರೋಟೀನ್, ಕ್ಯಾಲ್ಸಿಯಂ ಇದ್ದರೆ ಮಾತ್ರ ಇದರ ಹಿಡಿತ ನಿಲ್ಲುತ್ತದೆ.

ಈ ಹಿಡಿತ ಬರೀ ಅಂಟು ಎಂದು ನಾನು ಡಿಪ್ಲೊಮಾ ಓದುವಾಗ ತಿಳಿದಿದ್ದೆ. ಹಾಗಲ್ಲ, ಅದು ಸುದ್ದಿಯೂ ಹೌದು. ನಾಲ್ಕೂ ಕಡೆ ನೆರೆಯ ಕೋಶ ಕೈಹಿಡಿದಿದ್ದರೆ 'ಜಾಗ ತುಂಬಿದೆ, ಇನ್ನು ಬೆಳೆಯಬೇಡ' ಎಂಬ ಸೂಚನೆ ಒಳಗೆ ಹೋಗುತ್ತದೆ. ಬೆಳವಣಿಗೆಯನ್ನು ಚಾಲೂ ಮಾಡುವ ಯಾಪ್ ಎಂಬ ಪ್ರೋಟೀನ್ ಆಗ ಕೋಶಕೇಂದ್ರದ ಹೊರಗೇ ಉಳಿಯುತ್ತದೆ. ಕುಡುಗೋಲು ತಾಗಿ ಒಂದು ಬದಿಯ ನೆರೆ ಹೋಯಿತೆನ್ನಿ, ಅಂಚಿನ ಕೋಶದ ಕೈ ಖಾಲಿಯಾಗುತ್ತದೆ. ಯಾಪ್ ಕೇಂದ್ರದೊಳಗೆ ಹೋಗುತ್ತದೆ. ಅಂಚಿನ ಕೋಶಗಳು ಮುಂದೆ ಸರಿಯುತ್ತವೆ, ಹಿಂದಿನವು ಎರಡೆರಡಾಗುತ್ತವೆ. ಸುತ್ತಲಿನಿಂದ ಬೆಳವಣಿಗೆಯ ರಸಗಳೂ ನೆರವಾಗುತ್ತವೆ. ಅಂಥದೊಂದನ್ನು ಇಲಿಯ ಜೊಲ್ಲುಗ್ರಂಥಿಯಲ್ಲಿ ಕಂಡುಹಿಡಿದ ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಎರಡೂ ಅಂಚುಗಳು ಕೂಡಿ ಕೈ ಹಿಡಿದೊಡನೆ ಬೆಳವಣಿಗೆ ನಿಲ್ಲುತ್ತದೆ. ಗಾಯ ಕೂಡುವುದಷ್ಟೇ ಅಲ್ಲ, ಕೂಡಿದ ಮೇಲೆ ನಿಲ್ಲುವುದೂ ಆರೋಗ್ಯವೇ.

ಆದ್ದರಿಂದಲೇ ಒಣಗಿ ಅಂಟಿದ ಡ್ರೆಸ್ಸಿಂಗ್ ಬಟ್ಟೆಯನ್ನು ಮನೆಯಲ್ಲಿ ಜಗ್ಗಿ ಕೀಳಬೇಡಿ ಎನ್ನುತ್ತೇವೆ. ಆಗತಾನೆ ಕೈಹಿಡಿದ ಕೋಶಗಳು ಬಟ್ಟೆಯ ಜೊತೆ ಕಿತ್ತು ಬರುತ್ತವೆ. ಸಲೈನ್‌ನಿಂದ ನೆನೆಸಿ ಬಿಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೋಶಗಳು ಸರಿಯುವುದೇ ನಿಧಾನ. ಅಂಥವರ ಕಾಲಿನ ಗಾಯ ಎಷ್ಟೇ ಚಿಕ್ಕದಿರಲಿ, ತೋರಿಸಿ.

ಇನ್ನು ಬಾಯಿಯ ಮಾತು. ತಂಬಾಕು ಮತ್ತು ಅಡಿಕೆ ವರ್ಷಗಟ್ಟಲೆ ಒಂದೇ ಕಡೆ ತಾಗಿದರೆ ಕೋಶದ ವಂಶವಾಹಿ ಕೆಡುತ್ತದೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟಖಾ ನಿಷೇಧವಾಯಿತು. ಆದರೆ ಪಾನ್ ಮಸಾಲಾ ಚೀಟಿ ಮತ್ತು ತಂಬಾಕು ಚೀಟಿಯನ್ನು ಬೇರೆ ಬೇರೆ ಕೊಂಡು ಬೆರೆಸುವವರನ್ನು ವಾರ್ಡಿನಲ್ಲೇ ನೋಡಿದ್ದೇವೆ. ಕೆಟ್ಟ ಕೋಶ ಕ್ರಮೇಣ ನೆರೆಯವರ ಕೈ ಬಿಡುತ್ತದೆ. 'ನಿಲ್ಲು' ಎಂಬ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ಬೆಳೆಯುತ್ತಲೇ ಹೋಗುತ್ತದೆ, ಮತ್ತೆ ಕೆಳಗಿನ ಪದರ ದಾಟಿ ಕುತ್ತಿಗೆಯ ಗಂಟುಗಳಿಗೆ ಹೋಗಬಲ್ಲದು. ಈ ಹಿಡಿತಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಒಂದು ಉದಾಹರಣೆ: ನ್ಯೂಜಿಲೆಂಡಿನ ಒಂದು ಮಾವೋರಿ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೊಟ್ಟೆಯ ಕ್ಯಾನ್ಸರ್ ಬರುತ್ತಿತ್ತು. ಹುಟ್ಟಿನಿಂದ ಬಂದ ಇ-ಕ್ಯಾಡ್‌ಹೆರಿನ್ ದೋಷವೇ ಕಾರಣವೆಂದು 1998ರಲ್ಲಿ ತಿಳಿಯಿತು.

ಮೂರು ವಾರಕ್ಕೂ ವಾಸಿಯಾಗದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೊದಲಿನಷ್ಟು ತೆರೆಯದ ಬಾಯಿ, ಇವುಗಳಲ್ಲಿ ಯಾವುದಿದ್ದರೂ ನೋವಿಲ್ಲವೆಂದು ಸುಮ್ಮನಿರಬೇಡಿ. ಮೊದಮೊದಲು ನೋವೇ ಇರುವುದಿಲ್ಲ.

"ಚೂರು ತೆಗೆದರ ರೋಗ ಹರಡತೈತಿ" ಎಂದು ಆ ಹಿರಿಯರೂ ಹೆದರಿದ್ದರು. ಬಾಯಿಯ ಹುಣ್ಣಿನ ಚೂರು ತೆಗೆಯುವುದರಿಂದ ರೋಗ ಹರಡುವುದಿಲ್ಲ. ಆ ಚೂರಿನಲ್ಲಿ ಕೋಶಗಳು ಇನ್ನೂ ಸಾಲಿನಲ್ಲಿ ಕೈಹಿಡಿದಿವೆಯೋ, ಕೆಳಗಿನ ಪದರ ದಾಟಿವೆಯೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾಗೆ ನೋಡದೆ ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಸೊಸೆ ಪಟ್ಟು ಬಿಡಲಿಲ್ಲ, ಕಡೆಗೆ ಒಪ್ಪಿದರು. ಅವರದು ಪದರ ದಾಟಿರಲಿಲ್ಲ. ಅಷ್ಟನ್ನೇ ಕೊಯ್ದು ತೆಗೆದರು. ಈಗ ತಂಬಾಕಿನ ಡಬ್ಬಿಯಲ್ಲಿ ಲವಂಗ ಇಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಖಾನಾಪುರದ ಬಸ್ಸಿಗೆ ಬಂದು ಬಾಯಿ ತೋರಿಸಿ ಹೋಗುತ್ತಾರೆ.