ಕೋರ್ಟಿನ ಮೆಟ್ಟಿಲು ಹತ್ತಿದ ಹ್ಯಾರಿಯೆಟ್

"ಕೋರ್ಟಿನ ಮೆಟ್ಟಿಲು ಮಾತ್ರ ಹತ್ತಬಾರದಮ್ಮ" ಅಂತ ಹಿರಿಯರು ಹೇಳುತ್ತಾರೆ. ಓದು ಬರಹ ಬಾರದವರಿಗಂತೂ ಕೋರ್ಟು ಅಂದರೆ ಭಯ. ಆದರೆ ಓದು ಬರಹ ಬಾರದ ಒಬ್ಬ ಹೆಂಗಸು ಧೈರ್ಯವಾಗಿ ಆ ಮೆಟ್ಟಿಲು ಹತ್ತಿದಳು. ಆಕೆಯ ಕಥೆ, ಆ ಕಟ್ಟಡದ ಕಥೆ ತಿಳಿಯೋಣ ಬನ್ನಿ.

ಅಮೆರಿಕ ದೇಶದಲ್ಲಿ ಸೇಂಟ್ ಲೂಯಿಸ್ ಎಂಬ ಊರಿದೆ. ಅದು ಮಿಸಿಸಿಪ್ಪಿ ಎಂಬ ದೊಡ್ಡ ನದಿಯ ದಂಡೆಯಲ್ಲಿದೆ. ಅಲ್ಲಿ ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. 1816ರಲ್ಲಿ ಇಬ್ಬರು ಜಮೀನುದಾರರು ಕೌಂಟಿಯ ನ್ಯಾಯಾಲಯಕ್ಕೆ ಜಾಗ ದಾನ ಕೊಟ್ಟರು. 1828ರಲ್ಲಿ ಅಲ್ಲಿ ಇಟ್ಟಿಗೆಯ ಕಟ್ಟಡ ಎದ್ದಿತು. ಊರು ಬೆಳೆಯಿತು. ಕಟ್ಟಡ ಸಾಲದಾಯಿತು. 1839ರಲ್ಲಿ ದೊಡ್ಡ ಕಟ್ಟಡದ ಕೆಲಸ ಶುರುವಾಯಿತು. ಅದು ಮುಗಿಯಲು 20 ವರ್ಷಕ್ಕೂ ಹೆಚ್ಚು ಹಿಡಿಯಿತು. ಅದರ ಮೇಲೆ ಕಬ್ಬಿಣದ ಎತ್ತರದ ಗುಮ್ಮಟ ಇದೆ.

ಆಗ ಅಲ್ಲಿ ಗುಲಾಮ ಪದ್ಧತಿ ಇತ್ತು. ಕಪ್ಪು ಜನರನ್ನು ದನಕರುಗಳ ಹಾಗೆ ಮಾರುತ್ತಿದ್ದರು. ಯಜಮಾನ ಸತ್ತರೆ ಅವನ ಗುಲಾಮರನ್ನು ಹರಾಜು ಹಾಕುತ್ತಿದ್ದರು. ಎಲ್ಲಿ ಗೊತ್ತೆ? ಇದೇ ನ್ಯಾಯಾಲಯದ ಮೆಟ್ಟಿಲ ಮೇಲೆ! ಒಳಗೆ ನ್ಯಾಯ, ಹೊರಗೆ ಮನುಷ್ಯರ ಹರಾಜು.

ಹ್ಯಾರಿಯೆಟ್ ಸ್ಕಾಟ್ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದಳು. ಗಂಡ ಡ್ರೆಡ್ ಸ್ಕಾಟ್. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ ಅಂತ ಕಾನೂನಿತ್ತು. ತಾಯಿಗೆ ಬಿಡುಗಡೆ ಆಗದಿದ್ದರೆ ಮಕ್ಕಳನ್ನೂ ಮಾರಬಹುದಿತ್ತು.

ಗುಲಾಮ ಪದ್ಧತಿ ಇಲ್ಲದ ಪ್ರಾಂತ್ಯದಲ್ಲಿ ವಾಸ ಮಾಡಿದವರು ಬಿಡುಗಡೆ ಕೇಳಬಹುದಿತ್ತು. ಇವರು ಅಂಥ ಕಡೆ ಇದ್ದು ಬಂದಿದ್ದರು. 1846ರಲ್ಲಿ ಗಂಡ ಹೆಂಡತಿ ಬೇರೆ ಬೇರೆ ಅರ್ಜಿ ಕೊಟ್ಟರು. ಇಬ್ಬರಿಗೂ ಸಹಿ ಮಾಡಲು ಬರುತ್ತಿರಲಿಲ್ಲ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ, ಅವರು ಗುಣಿಸುವ ಗುರುತು ಹಾಕಿದರು.

1847ರಲ್ಲಿ ಸಾಕ್ಷಿ ಸಾಲದೆ ಸೋತರು. ಆದರೂ ಬಿಡಲಿಲ್ಲ. 1850ರಲ್ಲಿ ಇದೇ ಕಟ್ಟಡದಲ್ಲಿ ಗೆದ್ದರು. 1852ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 1857ರಲ್ಲಿ ದೇಶದ ಸುಪ್ರೀಂ ಕೋರ್ಟು, "ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ" ಎಂದು ತೀರ್ಪು ಕೊಟ್ಟಿತು. ಈ ಅನ್ಯಾಯ ಕಂಡು ಬಹಳ ಜನ ಸಿಟ್ಟಾದರು.

ಅದೇ ವರ್ಷ ಹಳೆಯ ಯಜಮಾನನ ಮಗ ಇವರಿಗೆ ಬಿಡುಗಡೆ ಕೊಟ್ಟ. ಮರುವರ್ಷ ಡ್ರೆಡ್ ತೀರಿಕೊಂಡ. 1861ರಿಂದ ನಾಲ್ಕು ವರ್ಷ ಆ ದೇಶದಲ್ಲಿ ಅಂತರ್ಯುದ್ಧ ನಡೆಯಿತು. 1865ರಲ್ಲಿ ಗುಲಾಮ ಪದ್ಧತಿ ಅಳಿಯಿತು. ಅದನ್ನು ಹ್ಯಾರಿಯೆಟ್ ಕಣ್ಣಾರೆ ಕಂಡಳು. ಆಕೆ 1876ರವರೆಗೆ ಬದುಕಿದ್ದಳು.

ಇದೇ ನ್ಯಾಯಾಲಯಕ್ಕೆ ಇನ್ನೊಬ್ಬ ಹೆಂಗಸಿನ ದೂರೂ ಬಂತು. 1872ರಲ್ಲಿ ವರ್ಜೀನಿಯಾ ಮೈನರ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಳು. "ಹೆಂಗಸರಿಗೆ ಓಟಿಲ್ಲ" ಅಂತ ಅಧಿಕಾರಿ ಕಳಿಸಿಬಿಟ್ಟ. ಮದುವೆಯಾದ ಹೆಂಗಸು ಆಗ ಅಲ್ಲಿ ಒಬ್ಬಳೇ ದಾವೆ ಹೂಡುವಂತಿರಲಿಲ್ಲ. ವಕೀಲನಾದ ಗಂಡ ಜೊತೆಗೆ ನಿಂತ. ಆಕೆಯೂ ಸೋತಳು. ಆದರೆ 1920ರಲ್ಲಿ ಆ ದೇಶದ ಹೆಂಗಸರು ಓಟಿನ ಹಕ್ಕು ಪಡೆದರು.

1930ರಲ್ಲಿ ಕೋರ್ಟುಗಳು ಬೇರೆ ಕಟ್ಟಡಕ್ಕೆ ಹೋದವು. ಹಳೆಯ ಕಟ್ಟಡವನ್ನು ಕೆಡವಲಿಲ್ಲ. ಅದೀಗ ವಸ್ತು ಸಂಗ್ರಹಾಲಯ. 2012ರಲ್ಲಿ ಅದರ ಮುಂದೆ ಹ್ಯಾರಿಯೆಟ್ ಮತ್ತು ಡ್ರೆಡ್ ಅವರ ಪ್ರತಿಮೆ ನಿಲ್ಲಿಸಿದರು. ಮನುಷ್ಯರನ್ನು ಮಾರಿದ ಜಾಗದಲ್ಲೇ ಬಿಡುಗಡೆ ಕೇಳಿದವರಿಗೆ ಗೌರವ ಸಿಕ್ಕಿತು.

ತಿಳಿದಿರಲಿ: ನಮ್ಮ ದೇಶದಲ್ಲಿ 1987ರ ಕಾನೂನಿನಂತೆ ಹೆಂಗಸರಿಗೆ ಉಚಿತ ಕಾನೂನು ನೆರವು ಇದೆ. ಆದಾಯ ಎಷ್ಟೇ ಇದ್ದರೂ ಸರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಹೊಸ ಪದಗಳು: ಅರ್ಜಿ, ದಾವೆ, ತೀರ್ಪು, ಹರಾಜು, ಹಕ್ಕು

ಉತ್ತರ ಹೇಳಿ:
1. ಹ್ಯಾರಿಯೆಟ್ ಅರ್ಜಿಯ ಮೇಲೆ ಯಾವ ಗುರುತು ಹಾಕಿದಳು?
2. ಆಕೆಯ ಬಿಡುಗಡೆಯಿಂದ ಮಕ್ಕಳಿಗೆ ಏನು ಲಾಭ?
3. ನಿಮ್ಮ ತಾಲ್ಲೂಕಿನ ನ್ಯಾಯಾಲಯ ಎಲ್ಲಿದೆ?

ಬರೆಯಿರಿ: ನಿಮ್ಮ ಹೆಸರು ಬರೆದು ಸಹಿ ಮಾಡಿ.