ನಮ್ಮ ಬಾಲ್ಯವನ್ನು ನಾವೇ ಓದಿಕೊಳ್ಳುವ ಬಗೆ

ವಯಸ್ಸು ಏರಿದಂತೆ ಮೈ ಬೆಳೆಯುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮನಸ್ಸೂ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆಂಬುದು ಅಷ್ಟು ಸುಲಭವಾಗಿ ಕಾಣದು. ಈ ಮೆಟ್ಟಿಲುಗಳನ್ನು ಎಣಿಸಿ ತೋರಿಸಿದವರಲ್ಲಿ ಎರಿಕ್ ಎರಿಕ್‌ಸನ್ ಪ್ರಮುಖರು. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಅವರು ಹೆತ್ತ ತಂದೆಯನ್ನು ಕಂಡವರಲ್ಲ. ಹರೆಯದಲ್ಲಿ ಚಿತ್ರ ಬರೆಯುತ್ತ ಊರೂರು ಅಲೆದರು. ವಿಶ್ವವಿದ್ಯಾಲಯದ ಪದವಿ ಪಡೆಯಲಿಲ್ಲ. 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. 'ನಾನು ಯಾರು?' ಎಂಬ ಪ್ರಶ್ನೆ ಅವರ ಬಾಳಿನಿಂದಲೇ ಹುಟ್ಟಿದ್ದು. 1950ರಲ್ಲಿ ಹೊರಬಂದ 'ಚೈಲ್ಡ್‌ಹುಡ್ ಅಂಡ್ ಸೊಸೈಟಿ' ಎಂಬ ಗ್ರಂಥದಲ್ಲಿ ಅವರು ಹುಟ್ಟಿನಿಂದ ಮುಪ್ಪಿನವರೆಗೆ 8 ಹಂತಗಳನ್ನು ವಿವರಿಸಿದರು. ಅವುಗಳಲ್ಲಿ ಮೊದಲ 5 ಬಾಲ್ಯ ಹರೆಯಗಳಿಗೆ ಸೇರಿದವು.

ಮೊದಲನೆಯದು ನಂಬಿಕೆ. ಅತ್ತಾಗ ಎತ್ತಿಕೊಳ್ಳುವವರು, ಹಸಿದಾಗ ಉಣಿಸುವವರು ಇದ್ದರೆ ಜಗತ್ತು ನಂಬತಕ್ಕದ್ದೆಂದು ಕೂಸು ಕಲಿಯುತ್ತದೆ. ಎರಡನೆಯದು ಸ್ವತಂತ್ರತೆ. ತಾನೇ ನಡೆಯುವೆ, ತಾನೇ ಉಣ್ಣುವೆ ಎಂದು ಹಟ ಹಿಡಿಯುವ ಎರಡು ವರ್ಷದ ಮಗುವನ್ನು ಸದಾ ಗೇಲಿ ಮಾಡಿದರೆ ನಾಚಿಕೆ, ಸಂಶಯಗಳು ಬೇರೂರುತ್ತವೆ. ಮೂರನೆಯದು ತಾನಾಗಿ ಮುಂದೆಬೀಳುವ ಉತ್ಸಾಹ. ಆಟ ಹೂಡುವ, ನೂರು ಪ್ರಶ್ನೆ ಕೇಳುವ ಕಾಲವದು; ಬೈಗುಳವೇ ಉತ್ತರವಾದರೆ ಆ ಉತ್ಸಾಹ ಅಪರಾಧ ಭಾವವಾಗುತ್ತದೆ. ನಾಲ್ಕನೆಯದು ಶಾಲೆಯ ವಯಸ್ಸಿನ ಶ್ರಮಶೀಲತೆ. ಒಂದು ಕೆಲಸ ಕೈಗೆ ಹತ್ತಿತೆಂಬ ಹೆಮ್ಮೆ ಇಲ್ಲಿ ಸಿಕ್ಕಬೇಕು. ಸಿಕ್ಕದಿದ್ದರೆ ಕೀಳರಿಮೆ ಬೆಳೆಯುತ್ತದೆ.

ಐದನೆಯದು ಹರೆಯದ್ದು: ತನ್ನ ಗುರುತನ್ನು ತಾನು ಕಂಡುಕೊಳ್ಳುವುದು. ಯಾವ ಕಸುಬು, ಯಾವ ನಂಬಿಕೆ, ಯಾರ ಜೊತೆ ಎಂಬುದನ್ನೆಲ್ಲ ಪರೀಕ್ಷಿಸಿ ನೋಡಲು ಹುಡುಗನಿಗೆ ಸ್ವಲ್ಪ ಬಿಡುವು ಬೇಕೆಂದು ಎರಿಕ್‌ಸನ್ ಹೇಳುತ್ತಾರೆ.

ಇಲ್ಲಿ ನಾವು ತುಸು ನಿಂತು ನೋಡಬೇಕು. ನಮ್ಮಲ್ಲಿ ಅನೇಕರಿಗೆ ಆ ಬಿಡುವೇ ದೊರೆಯಲಿಲ್ಲ. ಮೀಸೆ ಚಿಗುರುವ ಮುನ್ನವೇ ಊರು ಬಿಟ್ಟು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತ ಅಕ್ಷರ ಕಲಿತವರು ನಮ್ಮವರಲ್ಲಿ ಎಷ್ಟೋ ಮಂದಿ. ಮೊದಲ ಸಂಬಳ ಮನೆಯ ಸಾಲಕ್ಕೆ ಹೋಯಿತು; 'ನಿನಗೇನು ಇಷ್ಟ?' ಎಂದು ಯಾರೂ ಕೇಳಲಿಲ್ಲ. ನಾಲ್ಕನೆಯ ಮೆಟ್ಟಿಲಿನ ದುಡಿಮೆ ಚೆನ್ನಾಗಿ ಬಂತು, ಐದನೆಯ ಮೆಟ್ಟಿಲಿನ ಪ್ರಶ್ನೆ ಮಾತ್ರ ಬಾಕಿ ಉಳಿಯಿತು. ನಲವತ್ತರ ವಯಸ್ಸಿನಲ್ಲಿ, ಕೆಲಸ ಭದ್ರವಾಗಿದ್ದರೂ, ಏನೋ ಕಳೆದುಕೊಂಡಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ಆದರೆ ನಿರಾಶರಾಗಬೇಕಾದುದಿಲ್ಲ. ಒಂದು ಹಂತದಲ್ಲಿ ಬಗೆಹರಿಯದ ಪ್ರಶ್ನೆ ಮುಂದಿನ ಹಂತಗಳಲ್ಲಿ ಮತ್ತೆ ತಲೆಯೆತ್ತುತ್ತದೆ, ಆಗಲೂ ಉತ್ತರ ಕಂಡುಕೊಳ್ಳಬಹುದು ಎಂಬುದು ಈ ವಿಚಾರದ ತಿರುಳು. ಬೆಳವಣಿಗೆ ಹರೆಯಕ್ಕೆ ಮುಗಿಯದೆಂಬುದಕ್ಕೆ ಎರಿಕ್‌ಸನ್ ನಮ್ಮ ದೇಶದ ಉದಾಹರಣೆಯನ್ನೇ ಎತ್ತಿಕೊಂಡರು. 1918ರ ಅಹಮದಾಬಾದಿನ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಗಾಂಧೀಜಿ ವಹಿಸಿದ ಪಾತ್ರವನ್ನು ಅಭ್ಯಸಿಸಿ, 1969ರಲ್ಲಿ 'ಗಾಂಧೀಸ್ ಟ್ರೂತ್' ಎಂಬ ಗ್ರಂಥ ಪ್ರಕಟಿಸಿದರು. ಮುಷ್ಕರದ ಕಾಲಕ್ಕೆ ಗಾಂಧೀಜಿಗೆ 48 ವರ್ಷ.

ಒಂದು ಎಚ್ಚರಿಕೆ ಅವಶ್ಯ. ಈ ಹಂತಗಳು ಜಾತಕವಲ್ಲ, ತೂಗುವ ತಕ್ಕಡಿಯೂ ಅಲ್ಲ; ದೇಶಾಚಾರ, ಮನೆತನಗಳಿಗೆ ತಕ್ಕಂತೆ ವಯಸ್ಸು ಹಿಂದುಮುಂದಾಗುತ್ತದೆ. ತಂದೆತಾಯಿಗಳ ತಪ್ಪು ಹುಡುಕಲು ಇದನ್ನು ಬಳಸುವುದೂ ಸಲ್ಲದು. ಬಡತನದಲ್ಲಿ ಅವರು ಕೊಡಲಾರದೆ ಹೋದದ್ದು ಬೇರೆ, ಕೊಡಲೊಲ್ಲದೆ ಹೋದದ್ದು ಬೇರೆ.

ರಜೆಯ ದಿನ ಒಂದು ಹಾಳೆ ತೆಗೆದುಕೊಂಡು, ಐದು ಹಂತಗಳಿಗೂ ನೆನಪಿರುವ ಅಥವಾ ಹಿರಿಯರಿಂದ ಕೇಳಿದ ಒಂದೊಂದು ಸಂಗತಿಯನ್ನು ಬರೆಯೋಣ. ನಮ್ಮನ್ನು ನಂಬಿದವರು ಯಾರು? ಮೊದಲು ಮೆಚ್ಚಿದವರು ಯಾರು? ಯಾವ ಆಸೆಯನ್ನು ಮುಂದಕ್ಕೆ ಹಾಕಿದೆವು? ಆ ಆಸೆ ಹಾಡುವುದಿರಲಿ, ಪರೀಕ್ಷೆಗೆ ಕೂರುವುದಿರಲಿ, ಈಗಲೂ ಕೈಗೆತ್ತಿಕೊಳ್ಳಬಹುದು. ಮನೆಯಲ್ಲಿ ಹದಿನೈದು ವರ್ಷದ ಮಗನೋ ಮಗಳೋ ಇದ್ದರೆ, ನಮ್ಮನ್ನು ಯಾರೂ ಕೇಳದ ಆ ಪ್ರಶ್ನೆಯನ್ನು ನಾವು ಅವರಿಗೆ ಕೇಳೋಣ. ಕೇಳಿ, ಉತ್ತರ ಬರುವ ತನಕ ಕಾಯೋಣ.