ಕೂಸಿನ ಮೊದಲ ಉಸಿರು ಮತ್ತು ಕೊರಳಿನ ಗ್ರಂಥಿ

“ಏಳಕ್ಕೆ ಹುಟ್ಟಿದ್ದು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು” ಎಂದು ತಿಳವಳ್ಳಿಯ ನಮ್ಮ ಮನೆಯ ಹಿರಿಯರು ಹೇಳುವುದುಂಟು. ನಮ್ಮವ್ವನ ಚೊಚ್ಚಲ ಕೂಸು ಎಂಟನೆಯ ತಿಂಗಳಲ್ಲಿ ಹುಟ್ಟಿ ಎರಡನೆಯ ದಿನವೇ ತೀರಿಕೊಂಡಿತು. “ಪಕ್ಕಿ ಸೇದತಿತ್ತಪ್ಪಾ, ಉಸಿರ ನಿಲ್ಲಲಿಲ್ಲ” ಎಂದು ಅವ್ವ ಇಂದಿಗೂ ಹೇಳುತ್ತಾಳೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಆ ಉಸಿರು ಏಕೆ ನಿಲ್ಲಲಿಲ್ಲವೆಂಬ ಪ್ರಶ್ನೆಯೇ ಈ ಲೇಖನವನ್ನು ಬರೆಯಿಸಿತು.

ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಗುಂಡಗೆ ನಿಲ್ಲುತ್ತದೆ. ಅದಕ್ಕೆ ತುಸು ಸಾಬೂನು ಸೋಕಿದರೆ ಚಪ್ಪಟೆಯಾಗಿ ಹರಡುತ್ತದೆ. ಗುಂಡಗೆ ಮಾಡುವುದು ನೀರಿನ ಮೇಲ್ಮೈಯ ಬಿಗಿತ. ಸಾಬೂನು ಅದನ್ನು ಸಡಿಲಿಸುತ್ತದೆ. ನಮ್ಮ ಶ್ವಾಸಕೋಶದ ಪುಟ್ಟ ಪುಟ್ಟ ಗಾಳಿಚೀಲಗಳ ಒಳಮೈ ಸದಾ ಒದ್ದೆ. ಆ ನೀರಿನ ಬಿಗಿತವು ಪ್ರತಿ ಉಸಿರು ಬಿಟ್ಟಾಗಲೂ ಚೀಲಗಳನ್ನು ಮುಚ್ಚಿಬಿಡುತ್ತಿತ್ತು. ಹಾಗಾಗದಂತೆ ಎರಡನೆಯ ಬಗೆಯ ಜೀವಕೋಶಗಳೆಂಬವು ಕೊಬ್ಬು ಮತ್ತು ಪ್ರೋಟೀನು ಸೇರಿದ ಒಂದು ರಸವನ್ನು ಒಸರಿಸುತ್ತವೆ. ಅದೇ ಸರ್ಫ್ಯಾಕ್ಟಂಟ್.

ಗರ್ಭದಲ್ಲಿ ಇದರ ತಯಾರಿಕೆ ಸುಮಾರು 24ನೆಯ ವಾರಕ್ಕೆ ಆರಂಭವಾಗಿ, ಸಾಮಾನ್ಯವಾಗಿ 35ನೆಯ ವಾರದ ಹೊತ್ತಿಗೆ ಸಾಕಷ್ಟಾಗುತ್ತದೆ. ಆದ್ದರಿಂದ ಏಳಕ್ಕಿಂತ ಎಂಟೇ ಮೇಲು. ಹಿರಿಯರ ಮಾತು ನಿಜವಲ್ಲ. ಮುಂಚೆ ಹುಟ್ಟಿ ಉಸಿರಾಡಲಾರದೆ ಸಾಯುವ ಶಿಶುಗಳಲ್ಲಿ ಈ ರಸದ ಕೊರತೆಯಿದೆಯೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗನೂ ಐದೂವರೆ ವಾರ ಮುಂಚೆ ಹುಟ್ಟಿ ಇದೇ ರೋಗದಿಂದ ಎರಡು ದಿನದಲ್ಲಿ ತೀರಿಕೊಂಡ. ಅಂದು ಸಿರಿವಂತರಿಗೂ ಔಷಧವಿರಲಿಲ್ಲ.

ಇಲ್ಲಿಗೆ ಕೊರಳಿನ ಥೈರಾಯಿಡ್ ಗ್ರಂಥಿ ಬರುತ್ತದೆ. ಅಯೋಡಿನ್ನಿನಿಂದ ಅದು ತಯಾರಿಸುವ ಹಾರ್ಮೋನು ರಕ್ತದೊಡನೆ ಹರಿದು ಶ್ವಾಸಕೋಶದ ಜೀವಕೋಶಗಳ ಕೇಂದ್ರವನ್ನು ಮುಟ್ಟಿ, ಅವುಗಳಿಂದ ಕೆಲಸ ಮಾಡಿಸುತ್ತದೆ. ಪ್ರಾಣಿಗಳ ಭ್ರೂಣಗಳಲ್ಲಿ ಅದು ಸರ್ಫ್ಯಾಕ್ಟಂಟಿನ ಕೊಬ್ಬಿನ ಭಾಗವನ್ನು ಹೆಚ್ಚಿಸಿತು. ಸ್ಟಿರಾಯಿಡ್ ಜೊತೆಗೂಡಿದಾಗ ಫಲ ಇನ್ನೂ ಹೆಚ್ಚು. ಆದರೆ ತಾಯಿಯ ಥೈರಾಯಿಡ್ ಹಾರ್ಮೋನು ಮಾಸನ್ನು ದಾಟಿ ಕೂಸಿಗೆ ತಲಪುವುದು ಸ್ವಲ್ಪವೇ. ಆದ್ದರಿಂದ ಮಾಸನ್ನು ದಾಟಿ ಕೂಸಿನ ಗ್ರಂಥಿಯನ್ನೇ ಎಚ್ಚರಿಸಬಲ್ಲ ಟಿ.ಆರ್.ಎಚ್. ಎಂಬ ಇನ್ನೊಂದು ಹಾರ್ಮೋನನ್ನು, ಸ್ಟಿರಾಯಿಡಿನ ಜೊತೆಗೆ ತಾಯಂದಿರಿಗೆ ಕೊಟ್ಟು ನೋಡಿದರು.

ತರ್ಕ ಚೊಕ್ಕವಾಗಿತ್ತು, ಫಲ ಬರಲಿಲ್ಲ. 1995ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯಲ್ಲಿ ಶಿಶುಗಳ ಉಸಿರಿನ ತೊಂದರೆ ಕಡಿಮೆಯಾಗುವ ಬದಲು ಹೆಚ್ಚಿತು. ತಾಯಂದಿರಿಗೆ ವಾಕರಿಕೆ, ರಕ್ತದೊತ್ತಡ ಕಂಡವು. 1998ರ ಅಮೆರಿಕದ ಪರೀಕ್ಷೆಯಲ್ಲೂ ಲಾಭವಿಲ್ಲವೆಂದಾಯಿತು. ಆ ದಾರಿಯನ್ನು ವೈದ್ಯರು ಕೈಬಿಟ್ಟರು.

ಸ್ಟಿರಾಯಿಡ್ ಮಾತ್ರ ಉಳಿಯಿತು. ಅದರಲ್ಲೂ ಪಾಠವಿದೆ, ಮತ್ತು ಅದು ನಮ್ಮ ಬೆಳಗಾವಿಯ ಕಡೆಯದು. ಬೆಳಗಾವಿಯೂ ಸೇರಿ ಆರು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳ್ಳಿಹಳ್ಳಿಗೆ ಈ ಚುಚ್ಚುಮದ್ದನ್ನು ಹರಡಿದಾಗ ಒಟ್ಟು ಶಿಶುಮರಣ ಏರಿತು. 2020ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಬೆಳಗಾವಿಯನ್ನೂ ಒಳಗೊಂಡು ಐದು ದೇಶಗಳ ಆಸ್ಪತ್ರೆಗಳಲ್ಲಿ, ವಾರಗಳನ್ನು ಸ್ಕ್ಯಾನ್‌ನಿಂದ ಸರಿಯಾಗಿ ಲೆಕ್ಕಹಾಕಿ 26ರಿಂದ 33ನೆಯ ವಾರದವರಿಗೆ ಕೊಟ್ಟಾಗ, ನವಜಾತ ಶಿಶುಗಳ ಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಮದ್ದು ಒಂದೇ, ಕೊಟ್ಟ ಜಾಗ, ಹೊತ್ತು, ಆರೈಕೆ ಬೇರೆ.

ಮಿತ್ರರೇ, ನಮಗೆ ತಿಳಿಯಬೇಕಾದುದು ಇಷ್ಟೆ. ದಿನ ತುಂಬುವ ಮೊದಲೇ ಬ್ಯಾನಿ ಕಾಣಿಸಿದರೆ, “ಬೆಳಗಾಗಲಿ ನೋಡೋಣ” ಎನ್ನದೆ, ಎಳೆಗೂಸುಗಳ ಆರೈಕೆಯಿರುವ ಆಸ್ಪತ್ರೆಗೆ ಹೊರಡಬೇಕು. ಬಸುರಿಯ ಅಡಿಗೆಗೆ ಅಯೋಡಿನ್ ಉಪ್ಪೇ ಇರಲಿ. ಥೈರಾಯಿಡ್ ಗುಳಿಗೆ ಮಾತ್ರ ವೈದ್ಯರ ಮಾತಿನಂತೆ. ಇದನ್ನೆಲ್ಲ ಓದಿ ಹೇಳಿದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾರ ಅದು ನನ್ನ ತಪ್ಪಲ್ಲಲ್ಲ?” ಎಂದು ಕೇಳಿದಳು. ಅಲ್ಲ ಎಂದು ಧೈರ್ಯವಾಗಿ ಹೇಳುವಷ್ಟು ಓದಿದ್ದೇನೆಂಬುದೇ ನನಗೆ ಈ ವರ್ಷದ ಸಮಾಧಾನ.